ಬಳ್ಳಿಯಾಚೆಯ ಕರುಳು

ಒಳ್ಳೆಯ ಸಮಾರ್ಯದವನ ಕಥೆಯ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆ. ಅಂದಿನಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇದೆ. ಕನ್ನಡ ಸತ್ಯವೇದದಲ್ಲಿ ಯೇಸು ಕನಿಕರಪಟ್ಟನು ಎಂದು ಓದುತ್ತೇವಲ್ಲ, ಮೂಲ ಗ್ರೀಕಿನಲ್ಲಿ ಅಲ್ಲಿರುವ ಪದ ಯಾವುದು? ಕರುಣೆ, ದಯೆ, ಕನಿಕರ ಎಲ್ಲಕ್ಕೂ ಅಲ್ಲಿ ಒಂದೇ ಮಾತೇ? ಹೀಗೆ ಕೇಳಿದವರಲ್ಲಿ ಒಬ್ಬ ಓದುಗರ ಪತ್ರ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ಗಾಲಿಕುರ್ಚಿಯಲ್ಲಿ ಓಡಾಡುವವರು ಅವರು. ಕನಿಕರ ಎಂದರೆ ಮೇಲೆ ನಿಂತವರು ಕೆಳಗಿರುವವರ ಕಡೆ ಬೀರುವ ನೋಟ, ಆ ನೋಟ ನನಗೆ ದಿನವೂ ಸಿಗುತ್ತದೆ, ಯೇಸು ಕೊಟ್ಟದ್ದೂ ಅದನ್ನೇ ಆಗಿದ್ದರೆ ನನಗದು ಬೇಡ ಎಂದು ಬರೆದಿದ್ದರು. ಮಿಕ್ಕವರ ಪ್ರಶ್ನೆ ಪದದ ಕುತೂಹಲದ್ದು. ಇವರದು ಬದುಕಿನದು. ಇವರಿಗೆ ಉತ್ತರ ಕೊಟ್ಟರೆ ಎಲ್ಲರಿಗೂ ಕೊಟ್ಟಂತೆ ಎಂದುಕೊಂಡು ಈ ವಾರ ಆ ಪದವನ್ನು ಹಿಡಿದು ಕೂತಿದ್ದೇನೆ.

ಪದ ಉಚ್ಚಾರಕ್ಕೆ ಸ್ವಲ್ಪ ಕಠಿಣ: ಸ್ಪ್ಲಾಂಖ್ನಿಜೊಮಾಯ್. ಸುಮಾರು ನಲವತ್ತು ವರ್ಷದ ಹಿಂದೆ ದೇವಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಮ್ಮ ಗ್ರೀಕ್ ಮೇಷ್ಟ್ರು ಇದನ್ನು ಹಲಗೆಯ ಮೇಲೆ ಬರೆದರು. ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಿದರು. ಎಲ್ಲರ ನಾಲಿಗೆಯೂ ಮೊದಲ ಮೂರು ವ್ಯಂಜನಗಳಲ್ಲೇ ತೊಡರಿತು. ಆಮೇಲೆ ಅವರು ಕ್ರಿಯಾಪದದ ಹಿಂದಿರುವ ನಾಮಪದವನ್ನು ಬಿಡಿಸಿ ತೋರಿಸಿದರು. ಸ್ಪ್ಲಾಂಖ್ನ ಎಂದರೆ ಒಡಲೊಳಗಿನ ಅಂಗಗಳು, ಕರುಳು ಮೊದಲಾದವು. ಹೊಟ್ಟೆಯ ಅಂಗಗಳಿಗೆ ಹೋಗುವ ನರಗಳನ್ನು ವೈದ್ಯರು ಇವತ್ತಿಗೂ ಸ್ಪ್ಲಾಂಕ್ನಿಕ್ ನರಗಳು ಎಂದೇ ಕರೆಯುತ್ತಾರೆ. ಆ ಕ್ಷಣಕ್ಕೆ ನನಗೆ ಗ್ರೀಕ್ ಮರೆತೇಹೋಯಿತು. ಧಾರವಾಡದ ಕಡೆಯ ನಮ್ಮ ಹಳ್ಳಿಯ ಅಡುಗೆಮನೆಯೂ ಅಲ್ಲಿ ಒಲೆಯ ಮುಂದೆ ಕೂತ ನಮ್ಮಜ್ಜಿಯೂ ಕಣ್ಣಮುಂದೆ ಬಂದರು.

ನಮ್ಮ ಕಡೆ ಆಡುಮಾತಿನಲ್ಲಿ ಕರುಳಿಗೆ ಕಳ್ಳು ಎನ್ನುತ್ತಾರೆ. ಊರ ಹೊರಗೆ ಇಟ್ಟಂಗಿ ಭಟ್ಟಿ ಇತ್ತು. ಅಲ್ಲಿಗೆ ದುಡಿಯಲು ಬಂದವರು ಯಾವ ಊರಿನವರೋ, ಯಾವ ಮಂದಿಯೋ ಯಾರಿಗೂ ಗೊತ್ತಿರಲಿಲ್ಲ. ಅವರ ಹುಡುಗನೊಬ್ಬ ಮಧ್ಯಾಹ್ನದ ಹೊತ್ತು ನಮ್ಮ ಅಂಗಳದ ತುದಿಗೆ ಬಂದು ನಿಲ್ಲುತ್ತಿದ್ದ. ಏನನ್ನೂ ಕೇಳುತ್ತಿರಲಿಲ್ಲ. ಅಜ್ಜಿ ಒಮ್ಮೆ ಅವನತ್ತ ನೋಡಿ, ‘ಕೂಸಿನ ಮಾರಿ ನೋಡಿ ಕಳ್ಳು ಚುರ್ ಅಂತು’ ಎನ್ನುತ್ತಿದ್ದಳು. ಈ ಮಾತನ್ನು ಅವಳು ಕೂತು ಆಡಿದ್ದು ನನಗೆ ನೆನಪಿಲ್ಲ. ಅನ್ನುತ್ತಲೇ ಎದ್ದಿರುತ್ತಿದ್ದಳು. ಮಾತು ಮುಗಿಯುವಷ್ಟರಲ್ಲಿ ಬುಟ್ಟಿಯಿಂದ ಒಂದು ರೊಟ್ಟಿ ಕೈಗೆ ಬಂದಿರುತ್ತಿತ್ತು. ಹಲಗೆಯ ಮೇಲಿನ ಆ ಗ್ರೀಕ್ ಪದಕ್ಕೆ ನನ್ನೊಳಗೆ ಮೊದಲು ಅರ್ಥ ಕೊಟ್ಟದ್ದು ನಿಘಂಟಲ್ಲ, ಅಜ್ಜಿ ಏಳುತ್ತಿದ್ದ ಆ ರೀತಿ.

ಆದರೆ ಇಲ್ಲೊಂದು ಎಚ್ಚರ ಬೇಕು. ಒಂದು ಪದದ ಬೇರನ್ನು ಅಗೆದು ತೆಗೆದು, ಇದೇ ಅದರ ನಿಜವಾದ ಅರ್ಥ ಎಂದು ಸಾರುವ ಅಭ್ಯಾಸ ಪ್ರಸಂಗಪೀಠಗಳಲ್ಲಿ ಬಹಳ. ಜೇಮ್ಸ್ ಬಾರ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರು 1961ರಲ್ಲಿ ಬೈಬಲಿನ ಭಾಷೆಯ ಅರ್ಥವಿಚಾರವನ್ನು ಕುರಿತ ತಮ್ಮ ಪುಸ್ತಕದಲ್ಲಿ ಈ ಅಭ್ಯಾಸವನ್ನು ಕಟುವಾಗಿ ಪ್ರಶ್ನಿಸಿದರು. ಪದದ ಅರ್ಥ ಅದು ಹುಟ್ಟಿದ ಜಾಗದಲ್ಲಿರುವುದಿಲ್ಲ, ಜನ ಅದನ್ನು ಬಳಸುವ ಜಾಗದಲ್ಲಿರುತ್ತದೆ ಎಂಬುದು ಅವರ ವಾದದ ತಿರುಳು. ನಮ್ಮದೇ ‘ಹೊಟ್ಟೆಕಿಚ್ಚು’ ನೋಡಿ. ಪಕ್ಕದ ಮನೆಯವರು ಹೊಸ ಕಾರು ತಂದದ್ದಕ್ಕೆ ಇನ್ನೊಬ್ಬರು ಹೊಟ್ಟೆಕಿಚ್ಚುಪಟ್ಟರು ಎಂದಾಗ ಹೊಟ್ಟೆಯೊಳಗೆ ಉರಿಯುವ ಬೆಂಕಿಯನ್ನು ಯಾರೂ ಕಲ್ಪಿಸಿಕೊಳ್ಳುವುದಿಲ್ಲ. ಅಸೂಯೆ ಎಂದಷ್ಟೇ ತಿಳಿಯುತ್ತೇವೆ. ಹಾಗೆಯೇ ಒಂದನೇ ಶತಮಾನದ ಗ್ರೀಕ್ ಓದುಗ ಸ್ಪ್ಲಾಂಖ್ನಿಜೊಮಾಯ್ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಕರುಳನ್ನೇ ನೆನೆದ ಎಂದು ಹೇಳಲಾಗದು. ಹಾಗಾಗಿ ಬೇರನ್ನು ಅಲ್ಲಿಗೇ ಬಿಟ್ಟು, ಈ ಕ್ರಿಯಾಪದ ಎಲ್ಲೆಲ್ಲಿ, ಯಾರ ಬಾಯಲ್ಲಿ, ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ನೋಡುವುದೇ ಸರಿಯಾದ ದಾರಿ.

ಹೊಸ ಒಡಂಬಡಿಕೆಯಲ್ಲಿ ಅದು ಬರುವುದು 12 ಸಲ ಮಾತ್ರ. ಮತ್ತಾಯನಲ್ಲಿ 5, ಮಾರ್ಕನಲ್ಲಿ 4, ಲೂಕನಲ್ಲಿ 3. ಯೋಹಾನನ ಸುವಾರ್ತೆಯಲ್ಲಿಲ್ಲ, ಪೌಲನ ಪತ್ರಗಳಲ್ಲಿಯೂ ಈ ಕ್ರಿಯಾಪದವಿಲ್ಲ. ಹನ್ನೆರಡರಲ್ಲಿ ಒಂಬತ್ತು ಯೇಸುವಿಗೇ ಸಂಬಂಧಿಸಿದವು. ಉಳಿದ ಮೂರು ಯೇಸು ಹೇಳಿದ ಸಾಮ್ಯಗಳಲ್ಲಿ ಬರುತ್ತವೆ: ಸಾಲ ಮನ್ನಾ ಮಾಡಿದ ಒಡೆಯ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನು, ಹಾಳಾಗಿ ಮರಳಿದ ಮಗನನ್ನು ಅಪ್ಪಿಕೊಂಡ ತಂದೆ. ಕರುಣೆಗೆ ಗ್ರೀಕಿನಲ್ಲಿ ಬೇರೆ ಕ್ರಿಯಾಪದಗಳು ಇಲ್ಲವೆಂದಲ್ಲ. ಎಲೆಎಒ ಎಂಬುದು ಬಲು ಬಳಕೆಯಲ್ಲಿತ್ತು. ಚರ್ಚುಗಳ ಆರಾಧನೆಯಲ್ಲಿ ಇವತ್ತಿಗೂ ಕೇಳುವ ಕೀರಿಯೆ ಎಲೇಯಿಸೋನ್ ಅದರಿಂದಲೇ ಬಂದದ್ದು. ಬೇಡುವವರ ಬಾಯಲ್ಲಿ ಸಾಮಾನ್ಯವಾಗಿ ಇರುವುದು ಆ ಮಾತು. ಯೆರಿಕೊವಿನ ಹೊರಗೆ ಕುರುಡರಿಬ್ಬರು ಕೂಗಿ ಕೇಳುವುದೂ ಅದನ್ನೇ. ಆದರೆ ಯೇಸುವಿಗೆ ಆದದ್ದೇನು ಎಂದು ಹೇಳುವಾಗ ಮತ್ತಾಯ ಪದ ಬದಲಿಸುತ್ತಾನೆ. ಅಲ್ಲಿ ಬರುವುದು ನಮ್ಮ ಈ ಕರುಳಿನ ಕ್ರಿಯಾಪದ.

ಈ ಹನ್ನೆರಡನ್ನೂ ಸಾಲಾಗಿ ಬರೆದುಕೊಂಡು ಓದಿದರೆ ಒಂದು ನಡೆ ಕಣ್ಣಿಗೆ ಬೀಳುತ್ತದೆ. ಅರ್ಧದಷ್ಟು ಕಡೆ ಇದರ ಹಿಂದೆ ಇನ್ನೊಂದು ಕ್ರಿಯಾಪದವಿರುತ್ತದೆ: ಕಂಡನು. ಮುಂದೆ ಮತ್ತೊಂದು ಇರುತ್ತದೆ: ಮುಟ್ಟಿದನು, ಉಣಿಸಿದನು, ಬಿಡಿಸಿದನು, ಓಡಿದನು. ಕುರುಬನಿಲ್ಲದ ಕುರಿಗಳಂತಿದ್ದ ಜನರನ್ನು ಕಂಡನು, ಕರುಳು ಮಿಡಿಯಿತು, ಕಲಿಸತೊಡಗಿದನು. ನಾಯಿನ್ ಎಂಬ ಊರಿನ ಬಾಗಿಲಲ್ಲಿ ಒಬ್ಬನೇ ಮಗನ ಹೆಣದ ಹಿಂದೆ ಬರುತ್ತಿದ್ದ ವಿಧವೆಯನ್ನು ಕಂಡನು, ಕರುಳು ಮಿಡಿಯಿತು, ಚಟ್ಟವನ್ನು ಮುಟ್ಟಿ ನಿಲ್ಲಿಸಿದನು. ಮೂರು ದಿನದಿಂದ ತನ್ನೊಡನಿದ್ದು ಈಗ ಊಟವಿಲ್ಲದೆ ನಿಂತ ಜನರ ವಿಷಯದಲ್ಲಿ ನನಗೇ ಹೀಗಾಗುತ್ತಿದೆ ಎಂದು ಯೇಸು ತಾನಾಗಿ ಹೇಳಿಕೊಳ್ಳುವ ಕಡೆಯೂ ಇದೆ. ಅದರ ಬೆನ್ನಿಗೇ ಏಳು ರೊಟ್ಟಿಗಳು 4000 ಜನರಿಗೆ ಹಂಚಿಕೆಯಾಗುತ್ತವೆ. ಕರುಳು ಮಿಡಿಯಿತು ಎಂದು ಬರೆದು ಅಲ್ಲಿಗೇ ಕಥೆ ಮುಗಿಸಿದ ಒಂದು ಉದಾಹರಣೆಯೂ ಸುವಾರ್ತೆಗಳಲ್ಲಿಲ್ಲ. ಕಣ್ಣಿಗೂ ಕೈಗೂ ನಡುವೆ ಇರುವ ಕೀಲು ಈ ಪದ.

ಸಮಾರ್ಯದವನ ಕಥೆಯಲ್ಲಿ ಲೂಕ ಈ ಕೀಲನ್ನು ಎಷ್ಟು ಜಾಣತನದಿಂದ ಇಟ್ಟಿದ್ದಾನೆ ಎಂಬುದು ಗ್ರೀಕಿನಲ್ಲಿ ಓದಿದಾಗ ಸ್ಪಷ್ಟವಾಗುತ್ತದೆ. ಯೆರೂಸಲೇಮಿನಿಂದ ಯೆರಿಕೊವಿಗೆ ಇಳಿಯುವ ದಾರಿ ಸುಮಾರು 1000 ಮೀಟರ್ ಕೆಳಕ್ಕೆ ಧುಮುಕುವ ಬೋಳುಗುಡ್ಡಗಳ ನಿರ್ಜನ ದಾರಿ. ಕಳ್ಳರು ಬಡಿದು ಹಾಕಿದವನೊಬ್ಬ ಅಲ್ಲಿ ಬಿದ್ದಿದ್ದಾನೆ. ಯಾಜಕ ಬಂದ, ಕಂಡ. ಲೇವಿಯ ಬಂದ, ಕಂಡ. ಸಮಾರ್ಯದವನು ಬಂದ, ಕಂಡ. ಮೂರು ಸಲವೂ ನೋಡುವುದಕ್ಕೆ ಒಂದೇ ಪದ. ಯಾಜಕನ ಕಣ್ಣು ಮಂಜಾಗಿರಲಿಲ್ಲ, ಲೇವಿಯನಿಗೆ ಸುದ್ದಿ ತಿಳಿಯದೆ ಹೋಗಲಿಲ್ಲ. ಮೂವರೂ ಕಂಡದ್ದು ಒಂದನ್ನೇ. ಕಂಡ ಮೇಲೆ ಮೊದಲಿನ ಇಬ್ಬರಿಗೂ ಲೂಕ ಹಚ್ಚುವ ಕ್ರಿಯಾಪದ ಆಚೆ ಬದಿಗೆ ಸರಿದು ದಾಟಿಹೋಗುವುದನ್ನು ಹೇಳುತ್ತದೆ. ಮೂರನೆಯವನಿಗೆ ಹಚ್ಚುವುದು ಸ್ಪ್ಲಾಂಖ್ನಿಜೊಮಾಯ್. ಅಲ್ಲಿಂದ ಮುಂದಕ್ಕೆ ಕೆಲಸಗಳ ಸರಮಾಲೆ: ಹತ್ತಿರ ಹೋದ, ಎಣ್ಣೆ ದ್ರಾಕ್ಷಾರಸ ಹೊಯ್ದ, ಗಾಯ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರಕ್ಕೆ ತಂದ, ಆರೈಕೆ ಮಾಡಿದ, ಮರುದಿನ ಎರಡು ದಿನಾರಿ ಕೊಟ್ಟ, ಮಿಕ್ಕದ್ದನ್ನು ಬರುವಾಗ ಕೊಡುವೆನೆಂದ. ಎರಡು ದಿನಾರಿ ಎಂದರೆ ಅಂದಿನ ಕೂಲಿಯವನ ಎರಡು ದಿನದ ದುಡಿಮೆ.

ಈ ಕಥೆಯನ್ನೇ ಇಟ್ಟುಕೊಂಡು ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಜಾನ್ ಡಾರ್ಲಿ ಮತ್ತು ಡ್ಯಾನಿಯಲ್ ಬ್ಯಾಟ್ಸನ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. 1973ರಲ್ಲಿ ಅದು ಪ್ರಕಟವಾಯಿತು. ದೇವಶಾಸ್ತ್ರ ಓದುವ 40 ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಇನ್ನೊಂದು ಕಟ್ಟಡಕ್ಕೆ ಕಳಿಸಿದರು. ಅಲ್ಲಿ ಅವರು ಒಂದು ಕಿರುಭಾಷಣ ಕೊಡಬೇಕಿತ್ತು. ಕೆಲವರಿಗೆ ಕೊಟ್ಟ ವಿಷಯ ಈ ಸಮಾರ್ಯದವನ ಕಥೆಯೇ. ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತ ನರಳುವಂತೆ ಏರ್ಪಾಡು ಮಾಡಿದ್ದರು. ಅವಸರವಿಲ್ಲದವರಲ್ಲಿ ನೂರಕ್ಕೆ 63 ಮಂದಿ ಏನಾದರೊಂದು ನೆರವಿಗೆ ಮುಂದಾದರು. ತಡವಾಗಿದೆ ಬೇಗ ಹೋಗಿ ಎಂದು ಹೇಳಿ ಕಳಿಸಿದವರಲ್ಲಿ ನಿಂತವರು ನೂರಕ್ಕೆ 10 ಮಾತ್ರ. ಭಾಷಣದ ವಿಷಯ ಸಮಾರ್ಯದವನ ಕಥೆಯೋ ಬೇರೆಯೋ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆ ಅಂಕಿಗಳನ್ನು ಓದಿದಾಗ ನನಗೆ ಯಾರನ್ನೂ ದೂರುವ ಮನಸ್ಸಾಗಲಿಲ್ಲ. ಹಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನಾನು ಬಸ್ ನಿಲ್ದಾಣದಲ್ಲಿದ್ದೆ. ಕಂಬಕ್ಕೆ ಒರಗಿ, ಗಂಟನ್ನು ಮಡಿಲಲ್ಲಿಟ್ಟುಕೊಂಡು ಮುದುಕಿಯೊಬ್ಬಳು ಸದ್ದಿಲ್ಲದೆ ಅಳುತ್ತ ಕೂತಿದ್ದಳು. ನಾನು ಕಂಡೆ. ಕರುಳು ಚುರ್ ಎನ್ನಲಿಲ್ಲ ಎಂದು ಹೇಳಲಾರೆ. ಎಂದಿತು. ವಾಚು ನೋಡಿಕೊಂಡೆ, ಪಾಠಕ್ಕೆ ಹೊತ್ತಾಗಿತ್ತು, ಬಸ್ಸು ಹತ್ತಿದೆ. ಕಿಟಕಿಯಿಂದ ಮತ್ತೆ ನೋಡಿದಾಗಲೂ ಅವಳು ಹಾಗೆಯೇ ಕೂತಿದ್ದಳು. ಆ ಮುದುಕಿಗೆ ಏನಾಗಿತ್ತು, ಆಮೇಲೆ ಯಾರಾದರೂ ಕೇಳಿದರೇ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಈ ಕ್ರಿಯಾಪದವನ್ನು ವಿದ್ಯಾರ್ಥಿಗಳಿಗೆ ಕಲಿಸುವಾಗಲೆಲ್ಲ ಅವಳು ನೆನಪಿಗೆ ಬರುತ್ತಾಳೆ.

ಅದಕ್ಕೇ ಇದರ ವ್ಯಾಕರಣ ನನಗೆ ಬರೀ ವ್ಯಾಕರಣವಾಗಿ ಉಳಿದಿಲ್ಲ. ಸುವಾರ್ತೆಗಳಲ್ಲಿ ಈ ಕ್ರಿಯಾಪದ ನಡೆದ ಸಂಗತಿಯನ್ನು ಹೇಳುವಾಗ ಕರ್ಮಣಿಯ ರೂಪವನ್ನೇ ತೊಟ್ಟು ಬರುತ್ತದೆ. ಮಾಡಿದನು ಎನ್ನುವುದಕ್ಕಿಂತ ಆಯಿತು ಎನ್ನುವ ರೂಪ ಅದು. ಇಂಗ್ಲಿಷಿನವರಿಗೆ ಇದನ್ನು ತಿಳಿಹೇಳಲು ಒಂದು ಪುಟ ಬೇಕಾದೀತು. ಕನ್ನಡದವರಿಗೆ ಒಂದು ವಾಕ್ಯ ಸಾಕು. ನಾವು ನಡೆಯುತ್ತೇವೆ, ಬರೆಯುತ್ತೇವೆ, ಕೊಡುತ್ತೇವೆ; ಆದರೆ ಹಸಿವು ನಮಗೆ ಆಗುತ್ತದೆ, ನಿದ್ದೆ ನಮಗೆ ಬರುತ್ತದೆ, ಅಯ್ಯೋ ಎಂದು ನಮಗೆ ಅನಿಸುತ್ತದೆ. ಇಂಥವಕ್ಕೆ ನಾವು ಒಡೆಯರಲ್ಲ, ಅವು ನಮಗೆ ಬಂದು ತಾಗುತ್ತವೆ ಎಂಬುದನ್ನು ನಮ್ಮ ‘ಗೆ’ ಪ್ರತ್ಯಯ ಮೊದಲಿನಿಂದಲೂ ಹೇಳುತ್ತ ಬಂದಿದೆ. ಕರುಳು ಮಿಡಿಯುವುದನ್ನೂ ಯಾರೂ ತೀರ್ಮಾನಿಸಿ ಮಾಡಲಾಗದು.

ಹಾಗಾದರೆ ಹೊಣೆ ಯಾರದು? ಯೋಹಾನನ ಮೊದಲನೆಯ ಪತ್ರದ ಮೂರನೇ ಅಧ್ಯಾಯದಲ್ಲಿ ಇದಕ್ಕೊಂದು ಉತ್ತರವಿದೆ. ಬದುಕಲು ಬೇಕಾದ್ದೆಲ್ಲ ಇದ್ದವನೊಬ್ಬ, ಕೊರತೆಯಲ್ಲಿರುವ ಸಹೋದರನನ್ನು ನೋಡಿಯೂ ತನ್ನ ಸ್ಪ್ಲಾಂಖ್ನವನ್ನು ಮುಚ್ಚಿಬಿಟ್ಟರೆ ದೇವರ ಪ್ರೀತಿ ಅವನಲ್ಲಿ ಹೇಗೆ ನೆಲೆಸೀತು ಎಂದು ಅಲ್ಲಿ ಕೇಳಲಾಗಿದೆ. ಕದ ಹಾಕುವುದಕ್ಕೆ ಬಳಸುವ ಪದವನ್ನೇ ಕರುಳಿಗೂ ಬಳಸಲಾಗಿದೆ. ಮಿಡಿತ ನಮ್ಮ ಕೈಯಲ್ಲಿಲ್ಲ, ಕದ ಹಾಕುವುದು ನಮ್ಮ ಕೈಯಲ್ಲಿದೆ. ಯಾಜಕನೂ ಲೇವಿಯನೂ ಮಗ್ಗುಲು ಬದಲಿಸಿ ಸರಿದದ್ದು ಕದ ಹಾಕಿಕೊಂಡ ಹಾಗೆ. ನಾನು ವಾಚು ನೋಡಿಕೊಂಡದ್ದೂ ಹಾಗೆಯೇ.

ಕರುಳಿನಲ್ಲಿ ಬರೀ ಮೃದುತನ ಇರುತ್ತದೆ ಎಂದು ತಿಳಿಯುವುದೂ ತಪ್ಪು. ಹಳೆಯ ಗ್ರೀಕರಿಗೆ ಸ್ಪ್ಲಾಂಖ್ನ ಸಿಟ್ಟಿನ ತಾಣವೂ ಹೌದು. ಕ್ರಿ.ಪೂ. 405ರ ಅರಿಸ್ಟೊಫನೀಸನ ‘ಕಪ್ಪೆಗಳು’ ನಾಟಕದಲ್ಲಿ ಕೋಪದಿಂದ ಕಾಯುವುದು ಇದೇ ಸ್ಪ್ಲಾಂಖ್ನ. ಬಲಿಯ ಪ್ರಾಣಿಯ ಗುಂಡಿಗೆ, ಯಕೃತ್ತು, ಶ್ವಾಸಕೋಶ, ಮೂತ್ರಪಿಂಡಗಳಿಗೂ ಅವರು ಇದೇ ಹೆಸರು ಹೇಳುತ್ತಿದ್ದರು. ಅವನ್ನು ಸುಟ್ಟು ಬಲಿಗೆ ಸೇರಿದವರು ಮೊದಲು ತಿನ್ನುತ್ತಿದ್ದರು. ಮಾರ್ಕನ ಮೊದಲ ಅಧ್ಯಾಯದಲ್ಲಿ ಕುಷ್ಠರೋಗಿಯೊಬ್ಬ ಯೇಸುವಿನ ಮುಂದೆ ಮೊಣಕಾಲೂರುತ್ತಾನೆ. ಬಹುತೇಕ ಹಸ್ತಪ್ರತಿಗಳು ಯೇಸು ಕನಿಕರಪಟ್ಟನೆಂದೇ ಹೇಳುತ್ತವೆ. ಆದರೆ ಈಗ ಕೇಂಬ್ರಿಜ್‌ನಲ್ಲಿರುವ ಬೆಜಾ ಹಸ್ತಪ್ರತಿಯಲ್ಲೂ ಕೆಲವು ಹಳೆಯ ಲ್ಯಾಟಿನ್ ಪ್ರತಿಗಳಲ್ಲೂ ಆ ಜಾಗದಲ್ಲಿ ಸಿಟ್ಟುಗೊಂಡನು ಎಂದಿದೆ. ಮಾರ್ಕ ಮೊದಲು ಬರೆದದ್ದು ಸಿಟ್ಟೆಂದೇ, ನಕಲು ಮಾಡಿದವರು ಅದನ್ನು ಕನಿಕರವಾಗಿ ತಿದ್ದಿರಬೇಕು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಇದೇ ಘಟನೆ ಹೇಳುವ ಮತ್ತಾಯ, ಲೂಕರಲ್ಲಿ ಎರಡೂ ಪದಗಳಿಲ್ಲ ಎಂಬುದು ಅವರ ಒಂದು ಆಧಾರ.

ಈ ವಾದದಲ್ಲಿ ಯಾರು ಗೆದ್ದರೂ ನನಗೆ ದೊಡ್ಡ ಕಳವಳವಿಲ್ಲ. ಏಕೆಂದರೆ ಈ ಎರಡು ಪದಗಳು ಸುವಾರ್ತೆಗಳಲ್ಲಿ ಬೇರೆ ಕಡೆಯೂ ಅಕ್ಕಪಕ್ಕ ಕೂತಿವೆ. ಮತ್ತಾಯನ ಹದಿನೆಂಟನೇ ಅಧ್ಯಾಯದ ಒಡೆಯ 10,000 ತಲಾಂತುಗಳ ಸಾಲವನ್ನು ಕರುಳು ಮಿಡಿದು ಬಿಟ್ಟುಬಿಡುತ್ತಾನೆ. ಒಂದು ತಲಾಂತಿಗೆ ಸುಮಾರು 6000 ದಿನಾರಿ ಎಂದು ಹಿಡಿದರೆ ಅದು 6 ಕೋಟಿ ದಿನಗೂಲಿ. ಹಾಗೆ ಬಿಡುಗಡೆಯಾದ ಆಳು ಬರೀ 100 ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ಅದು ತಿಳಿದ ಒಡೆಯನಿಗೆ ಸಿಟ್ಟು ಬರುತ್ತದೆ. ಕರುಳು ಮಿಡಿದವನೇ ಸಿಟ್ಟಾದವನು. ನಮ್ಮಲ್ಲೂ ಮಗುವಿಗೆ ಹೊಡೆದವರ ಮೇಲೆ ತಾಯಿ ಉರಿದು ಬೀಳುವುದು ಮಗುವನ್ನು ಎತ್ತಿಕೊಳ್ಳುವ ಕರುಳಿನಿಂದಲೇ. ಕುಷ್ಠ ಹತ್ತಿದವನನ್ನು ಊರ ಹೊರಗೆ ದೂಡಿದ ವ್ಯವಸ್ಥೆಯ ಎದುರು ಯೇಸುವಿಗೆ ಎರಡೂ ಆಗಿದ್ದರೆ ಅದರಲ್ಲಿ ಅಚ್ಚರಿಯೇನಿದೆ? ನಂತರ ಅವನು ಮಾಡಿದ್ದರ ಬಗ್ಗೆ ಎಲ್ಲ ಪ್ರತಿಗಳದೂ ಒಂದೇ ಮಾತು. ಕೈಚಾಚಿ ಮುಟ್ಟಿದನು. ಯಾರೂ ಮುಟ್ಟದವನನ್ನು ಮುಟ್ಟಿದನು.

ತಾಯಿಯ ಮಾತು ಬಂದದ್ದರಿಂದ ಹೀಬ್ರೂ ಭಾಷೆಗೆ ಒಂದು ಗಳಿಗೆ ಹೋಗಿ ಬರೋಣ. ಗ್ರೀಕಿನಲ್ಲಿ ಬರೆದ ಸುವಾರ್ತೆಗಾರರ ಕಿವಿಯಲ್ಲಿ ಹೀಬ್ರೂ ಧರ್ಮಗ್ರಂಥದ ನುಡಿಗಟ್ಟು ತುಂಬಿಕೊಂಡಿತ್ತು. ಅಲ್ಲಿ ಕರುಣೆಗೆ ರಹಮೀಮ್ ಎನ್ನುತ್ತಾರೆ, ಗರ್ಭಕ್ಕೆ ರೆಹೆಮ್. ಎರಡೂ ಒಂದೇ ಮೂಲದ ಮಾತುಗಳು. ಅರಬ್ಬಿಯಲ್ಲಿ ದೇವರಿಗೆ ಹೇಳುವ ರಹಮಾನ್, ರಹೀಮ್ ಎಂಬ ಹೆಸರುಗಳದೂ ಅದೇ ಕುಲ. ಸೊಲೊಮೋನನ ಮುಂದೆ ಒಂದು ಕೂಸಿಗಾಗಿ ಇಬ್ಬರು ಹೆಂಗಸರು ಜಗಳವಾಡಿದ ಕಥೆಯಲ್ಲಿ, ಮಗುವನ್ನು ಕತ್ತರಿಸಿ ಹಂಚಿ ಎಂಬ ಮಾತು ಕೇಳಿ ನಿಜವಾದ ತಾಯಿಯ ರಹಮೀಮ್ ಕುದಿಯಿತು ಎಂದು ಹೀಬ್ರೂ ಹೇಳುತ್ತದೆ. ಹಳೆಯ ಗ್ರೀಕ್ ಅನುವಾದಕರು ಅಲ್ಲಿ ನೇರವಾಗಿ ಗರ್ಭವೇ ಕದಡಿತು ಎಂದು ಬರೆದರು. ನಮ್ಮ ‘ಹೆತ್ತ ಕರುಳು’ ಅದಕ್ಕೆ ಎಷ್ಟು ಹತ್ತಿರ! ಕರುಳಿನ ಕುಡಿ, ತಾಯಿಕರುಳು, ಕರುಳುಬಳ್ಳಿ ಎಲ್ಲವೂ ಒಡಲ ನಂಟನ್ನೇ ಹೇಳುತ್ತವೆ. ನನ್ನದೇ ಮೈಯ ತುಂಡು ಆಚೆ ನರಳುತ್ತಿದೆ ಎಂಬ ಅರಿವು ಅದು.

ಯೇಸುವಿನ ಸಾಮ್ಯಗಳು ಹೊಸದೇನನ್ನಾದರೂ ಮಾಡಿದ್ದರೆ ಅದು ಇಲ್ಲಿಯೇ ಎಂದು ನನ್ನ ನಂಬಿಕೆ. ಮರಳಿ ಬಂದ ಮಗನನ್ನು ಇನ್ನೂ ದೂರದಲ್ಲಿರುವಾಗಲೇ ಕಂಡು, ಕರುಳು ಮಿಡಿದು, ವಯಸ್ಸಿನ ಗಾಂಭೀರ್ಯ ಬಿಟ್ಟು ಓಡಿದ ತಂದೆ ನಮಗೆ ಅರ್ಥವಾಗುತ್ತಾನೆ. ಅದು ಬಳ್ಳಿಯ ಕರುಳು. ಆದರೆ ಯೆರಿಕೊ ದಾರಿಯಲ್ಲಿ ಬಿದ್ದವನಿಗೂ ಸಮಾರ್ಯದವನಿಗೂ ಯಾವ ಬಳ್ಳಿಯಿತ್ತು? ಯೆಹೂದ್ಯರಿಗೂ ಸಮಾರ್ಯದವರಿಗೂ ಹಗೆತನವಿತ್ತು. ಹೆತ್ತ ಒಡಲಿಗೆ ಮೀಸಲಾದ ನೋವನ್ನು ಯೇಸು ಒಬ್ಬ ಪರಕೀಯನ ಒಡಲಿನಲ್ಲಿ ಇಟ್ಟು ಕಥೆ ಹೇಳಿದ. ಸ್ವಂತದವರಿಗೆ ಮಾತ್ರ ಮಿಡಿಯುತ್ತದೆ ಎಂದು ನಾವು ನಂಬಿಕೊಂಡ ಕರುಳನ್ನು ಬಳ್ಳಿಯಿಂದ ಬಿಡಿಸಿ ಬಯಲಿಗೆ ತಂದ.

ಪೌಲ ಅದನ್ನು ಇನ್ನೊಂದು ದಾರಿಯಲ್ಲಿ ಮಾಡಿ ತೋರಿಸಿದ. ಅವನು ಫಿಲೆಮೋನನಿಗೆ ಬರೆದದ್ದು ಕೇವಲ 25 ವಚನಗಳ ಕಿರುಪತ್ರ. ಅಷ್ಟರಲ್ಲಿ ಸ್ಪ್ಲಾಂಖ್ನ ಎಂಬ ನಾಮಪದ ಮೂರು ಸಲ ಬರುತ್ತದೆ. ಸೆರೆಯಲ್ಲಿದ್ದ ಪೌಲ ಫಿಲೆಮೋನನ ಗುಲಾಮ ಒನೇಸಿಮನನ್ನು ಒಡೆಯನ ಬಳಿಗೆ ವಾಪಸು ಕಳಿಸುತ್ತಿದ್ದಾನೆ. ಕಳಿಸುತ್ತ ಅವನನ್ನು ನನ್ನ ಸ್ಪ್ಲಾಂಖ್ನವೇ ಎಂದು ಕರೆಯುತ್ತಾನೆ. ನನ್ನ ಕರುಳ ಕುಡಿ ಎಂದ ಹಾಗಾಯಿತು. ಅಂದಿನ ಕಾಯಿದೆಯ ಕಣ್ಣಿನಲ್ಲಿ ಗುಲಾಮ ಒಂದು ಸೊತ್ತು. ಪೌಲ ಆ ಸೊತ್ತಿಗೆ ತನ್ನ ಒಡಲಿನ ಹೆಸರು ಕೊಟ್ಟು, ಇವನನ್ನು ಗುಲಾಮನಂತಲ್ಲ, ಸಹೋದರನಂತೆ ಬರಮಾಡಿಕೊ ಎಂದು ಕೇಳಿಕೊಂಡ.

ಇನ್ನು ಅನುವಾದದ ಮಾತು. 1611ರ ಇಂಗ್ಲಿಷ್ ಬೈಬಲ್ ಈ ನಾಮಪದ ಬಂದ ಬಹಳಷ್ಟು ಕಡೆ ಕರುಳು ಎಂದೇ ಇಟ್ಟಿತ್ತು. ಕಾಲ ಕಳೆದಂತೆ ಇಂಗ್ಲಿಷಿನಲ್ಲಿ ಆ ಪದ ಆಸ್ಪತ್ರೆಗೂ ಶೌಚಕ್ಕೂ ಸೀಮಿತವಾಯಿತು. ಈಗಿನ ಅನುವಾದಗಳು ಅದನ್ನು ಬಿಟ್ಟು ಪ್ರೀತಿ, ಹೃದಯ, ಮರುಕಗಳ ಕಡೆ ಹೊರಳಿವೆ. ಕನ್ನಡಕ್ಕೆ ಆ ಕಷ್ಟ ಬಂದಿಲ್ಲ. ಆಡಿನ ಕರುಳೂ ತಾಯಿಯ ಕರುಳೂ ನಮ್ಮಲ್ಲಿ ಒಂದೇ ಪದದಲ್ಲಿ ಬಾಳುತ್ತಿವೆ, ಒಂದರಿಂದ ಇನ್ನೊಂದಕ್ಕೆ ಕುಂದಿಲ್ಲ. ಕನಿಕರ ಒಳ್ಳೆಯ ಪದವೇ. ಅದನ್ನು ಎಲ್ಲೆಡೆ ಕಿತ್ತುಹಾಕಬೇಕೆಂದು ನಾನು ಕೇಳುವುದಿಲ್ಲ. ಆದರೆ ನಾಯಿನ್ ಊರಿನ ವಿಧವೆಯ ಕಡೆ, ಓಡಿಬಂದ ತಂದೆಯ ಕಡೆ, ಸಮಾರ್ಯದವನ ಕಡೆ ಮುಂದಿನ ಅನುವಾದಕರು ಕರುಳು ಎಂಬ ಮಾತಿಗೆ ಜಾಗ ಕೊಡಲಿ ಎಂಬುದು ನನ್ನ ಆಸೆ. ಅದು ಪದದ ಬೇರನ್ನು ಮೆಚ್ಚಿಸುವುದಕ್ಕಲ್ಲ. ಬಳಕೆಯಲ್ಲಿ ಗ್ರೀಕ್ ಕ್ರಿಯಾಪದ ಮಾಡುವ ಕೆಲಸವನ್ನು ನಮ್ಮ ಆಡುಮಾತಿನಲ್ಲಿ ಮಾಡುತ್ತಿರುವುದು ಅದೇ.

ಪತ್ರ ಬರೆದ ಓದುಗರಿಗೆ ಈಗ ನನ್ನ ಉತ್ತರ. ನಿಮಗೆ ದಿನವೂ ಸಿಗುವ ಆ ನೋಟಕ್ಕೆ ಈ ಕ್ರಿಯಾಪದದ ಹೆಸರು ಸಲ್ಲದು. ಅದು ಯಾಜಕನ ಕಣ್ಣು, ದೂರ ಕಾಯ್ದುಕೊಂಡು ನೋಡುವ ಕಣ್ಣು. ಸ್ಪ್ಲಾಂಖ್ನಿಜೊಮಾಯ್ ಬಂದ ಕಡೆ ದೂರ ಉಳಿಯುವುದಿಲ್ಲ. ಯೆರಿಕೊವಿನ ಆ ಕುರುಡರ ಕಥೆಯನ್ನು ಇನ್ನೊಮ್ಮೆ ಓದಿ. ಸುತ್ತಲಿದ್ದವರು ಅವರಿಗೆ ಸುಮ್ಮನಿರಿ ಎಂದು ಗದರಿದರು. ಯೇಸು ನಿಂತ, ಕರೆದ, ನನ್ನಿಂದ ನಿಮಗೇನಾಗಬೇಕು ಎಂದು ಕೇಳಿದ. ಅವರ ಬೇಡಿಕೆಯನ್ನು ಅವರ ಬಾಯಿಂದಲೇ ಕೇಳಿಸಿಕೊಂಡ. ಕರುಳಿನ ಮಾತು ಬರುವುದು ಅದಾದ ಮೇಲೆ. ಮೂರ್ಛೆ ಬೀಳುವ ಮಗನನ್ನು ಕರೆತಂದ ಒಬ್ಬ ತಂದೆ ಮಾರ್ಕನ ಒಂಬತ್ತನೇ ಅಧ್ಯಾಯದಲ್ಲಿ ಇದೇ ಕ್ರಿಯಾಪದ ಬಳಸಿ ಬೇಡಿಕೊಳ್ಳುತ್ತಾನೆ. ಹನ್ನೆರಡರಲ್ಲಿ ಬೇಡಿಕೆಯಾಗಿ ಬರುವುದು ಇದೊಂದೇ. ಅವನು ನನ್ನ ಮಗನ ಮೇಲೆ ಎನ್ನುವುದಿಲ್ಲ, ನಮ್ಮ ಮೇಲೆ ಎನ್ನುತ್ತಾನೆ. ಕರುಳಿನ ಲೆಕ್ಕದಲ್ಲಿ ನರಳುವವನೂ ಅವನ ಪಕ್ಕ ನಿಂತವನೂ ಒಟ್ಟಿಗೇ ಇರುತ್ತಾರೆ. ಅಲ್ಲಿ ಮೇಲಿಲ್ಲ, ಕೆಳಗಿಲ್ಲ.

ಸಮಾರ್ಯದವನ ಕಥೆ ಹುಟ್ಟಿದ್ದು ಒಬ್ಬ ಧರ್ಮೋಪದೇಶಕನ ಪ್ರಶ್ನೆಯಿಂದ: ನನ್ನ ನೆರೆಯವನು ಯಾರು? ಕಥೆ ಮುಗಿಸಿ ಯೇಸು ಅದನ್ನೇ ತಿರುಗಿಸಿ ಕೇಳುತ್ತಾನೆ. ಬಿದ್ದವನಿಗೆ ಈ ಮೂವರಲ್ಲಿ ನೆರೆಯವನಾದವನು ಯಾರು? ಗ್ರೀಕಿನಲ್ಲಿ ಅಲ್ಲಿರುವುದು ಆಗು ಎಂಬ ಕ್ರಿಯಾಪದ. ಅದನ್ನು ಓದಿದಾಗಲೆಲ್ಲ ನಮ್ಮ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಅಜ್ಜಿಯನ್ನು ಕೇಳಿದ ಮಾತು ನೆನಪಾಗುತ್ತದೆ. ಭಟ್ಟಿಯವರ ಆ ಹುಡುಗ ನಮ್ಮ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ‘ಅಲ್ಲಬೇ, ಅವ ನಿನಗೇನಾಗಬೇಕು?’ ಎಂದು ಆಕೆ ಕೇಳಿದಳು. ಯಾವ ನಂಟು, ಯಾವ ಬಳ್ಳಿ ಎಂದು ಅದರ ಅರ್ಥ. ಅಜ್ಜಿ ಉತ್ತರ ಕೊಡಲಿಲ್ಲ. ಹುಡುಗನ ಹತ್ತಿರ ಹೋಗಿ, ‘ಇನ್ನೊಂದು ಹಾಕಲೇನೋ ತಮ್ಮಾ?’ ಎಂದು ಕೇಳಿದಳು. ಅವಳ ತಮ್ಮಾ ಎಂಬ ಆ ಕರೆಯಲ್ಲೇ ಅವನು ಏನೋ ಒಂದು ಆಗಿಬಿಟ್ಟಿದ್ದ.